ಯಾವ ದೋಷವೂ ಕಂಡುಬಂದಿಲ್ಲ

ಪಿಳ್ಳಪ್ಪನವರ ಫಿಲೇಚರಿನ ಕಂಪ್ಯೂಟರು ಬಂತು
ಗೋಣಿಚೀಲ ಸುತ್ತಿಕೊಂಡು, ಟಿವಿಎಸ್ ಗಾಡಿಯಲ್ಲಿ,
ಹುಡುಗನ ಮೊಣಕಾಲುಗಳ ನಡುವೆ.
ಅಂಗಡಿ ಮೆಟ್ಟಿಲನ್ನು ಅದಕ್ಕಿಂತ ಮೊದಲು ಹತ್ತಿದ್ದು
ಬೆಂದ ಹುಳದ ವಾಸನೆ.
ಡಬ್ಬ ಬಿಚ್ಚಿದರೆ ಫ್ಯಾನಿಗೆ ಸುತ್ತಿರುವುದು ಧೂಳಲ್ಲ,
ಎಳೆ. ಸಣ್ಣ ಹಳದಿ ಎಳೆ.

"ಅಪ್‌ಡೇಟ್ ಆಗ್ತಿತ್ತು, ಕರೆಂಟು ಹೋಯ್ತು,
ಆಮೇಲಿಂದ ಏಳ್ತಾನೇ ಇಲ್ಲ" ಎಂದ ಹುಡುಗ,
ಮಲಗಿದ ಎತ್ತಿನ ಮೇಲೆ ದೂರು ಹೇಳುವ ಧಾಟಿಯಲ್ಲಿ.
ಶಿಡ್ಲಘಟ್ಟದ ಕರೆಂಟು ಹೇಳಿ ಹೋಗುವ ಪೈಕಿ ಅಲ್ಲ.

ಗುಂಡಿ ಒತ್ತಿದೆ. ನೀಲಿ ಪರದೆ.
ಚುಕ್ಕೆಗಳ ಗಾಣ ಒಂದಷ್ಟು ತಿರುಗಿ ನಿಲ್ಲುತ್ತದೆ,
ಮತ್ತೆ ಮೊದಲಿಂದ.
ನನ್ನನ್ನು ನಾನೇ ಸರಿ ಮಾಡಿಕೊಳ್ಳುತ್ತೇನೆ
ಅಂತ ಒಂಬತ್ತು ಸಲ ಹೇಳಿತು. ಕುಡುಕರ ಮಾತು.

ಫಾರ್ಮ್ಯಾಟ್ ಹೊಡೆದುಬಿಡಿ ಮೇಡಂ ಅನ್ನುವವರಿಗೆ
ನಾನು ಹೇಳುವುದಿಷ್ಟೇ:
ಗೂಡು ಕತ್ತರಿಸಿದರೆ ಚೂರು ಸಿಗುತ್ತೆ, ನೂಲು ಸಿಗಲ್ಲ.
ಬಿಸಿನೀರಲ್ಲಿ ಬೇಯಿಸಿ, ಕಡ್ಡಿಯಲ್ಲಿ ಸವರಿ ಸವರಿ
ತುದಿ ಹುಡುಕಬೇಕು. ತುದಿ ಸಿಕ್ಕರೆ ಸಾಕು,
ಅರ್ಧ ಮೈಲಿ ತಾನೇ ಬಿಚ್ಚಿಕೊಂಡು ಬರುತ್ತೆ.
ಇದು ನನ್ನ ಮಾತಲ್ಲ, ಅಮ್ಮನದು.

ಪೆನ್‌ಡ್ರೈವ್ ಚುಚ್ಚಿ ಹಿತ್ತಲ ಬಾಗಿಲಿಂದ ಒಳಹೊಕ್ಕೆ.
ಮೊದಲು ಲೆಕ್ಕದ ಫೈಲುಗಳನ್ನೆಲ್ಲ ಬೇರೆ ಡಿಸ್ಕಿಗೆ ಇಳಿಸಿದೆ.
ಮನೆಗೆ ಬೆಂಕಿ ಬಿದ್ದರೆ ಮೊದಲು ಮಕ್ಕಳು, ಆಮೇಲೆ ಮಂಚ.
ಬಳಿಕ ಕಪ್ಪು ಪರದೆಯ ಮೇಲೆ ಮೂರಕ್ಷರದ ಆಜ್ಞೆ ಬರೆದು
ಟೀ ಹಿಡಿದು ಕೂತೆ. ನೂರಕ್ಕೆ ಎಂಟು. ನೂರಕ್ಕೆ ಮೂವತ್ತು.
ಕೆಳಗೆ ಗೂಡಿನ ಹರಾಜು ಮುಗಿಸಿ ಬಂದವರ ಗಲಾಟೆ.
ನಲವತ್ತೊಂದರಲ್ಲಿ ನಿಂತೇಬಿಟ್ಟಿತು,
ಎರಡನೇ ಟೀ ತರಿಸುವಷ್ಟು ಹೊತ್ತು.

ಇಳಿಸಿದ್ದು ಸರಿಯಿದೆಯಾ ನೋಡೋಣ ಅಂತ
ಒಂದನ್ನು ತೆರೆದೆ. ಬೇರೆ ಯಾವುದನ್ನಾದರೂ ತೆರೆಯಬಹುದಿತ್ತು.
ಕೂಲಿ ಮುಂಗಡ. ಸಾಲು ನೂರ ಹದಿನಾಲ್ಕು.
ಆಂಜಿನಮ್ಮ, ಬೇಸಿನ್ ಆರು, ಬಾಕಿ ಹನ್ನೆರಡು ಸಾವಿರ.

ಹದಿನೇಳು ವರ್ಷ ಆ ಆರನೇ ಬೇಸಿನ್ನಿನ ಮುಂದೆ
ಕುದಿನೀರಿಗೆ ಕೈ ಕೊಟ್ಟವಳು.
ಈಗ ರೇಷನ್ ಅಂಗಡಿಯ ಯಂತ್ರ ಅವಳ ಬೆರಳು ನೋಡಿ
ಇವಳು ಇವಳಲ್ಲ ಅನ್ನುತ್ತದೆ.
ತಿಂಗಳಿಗೊಮ್ಮೆ ಸೆರಗಿಗೆ ಒರೆಸಿ, ಎಣ್ಣೆ ಸವರಿ,
ಒಂದೊಂದನ್ನೇ ಒತ್ತಿ ಒತ್ತಿ
ಕೊನೆಗೆ ನನ್ನ ಬೆರಳಿಗೆ ಅಕ್ಕಿ ಬರುತ್ತದೆ.

ಡಿಲೀಟ್ ಗುಂಡಿ ಅಲ್ಲೇ ಇತ್ತು, ಕಿರುಬೆರಳಿನ ಹತ್ತಿರ.
ಕರೆಂಟು ತಿಂದುಹಾಕಿತು ಅಂದರೆ ಯಾರು ಕೇಳುತ್ತಿದ್ದರು?
ಆದರೆ ಮೇಲಿನ ಸಾಲು ತಿಪ್ಪಕ್ಕನದು,
ಕೆಳಗಿನದು ಮುಬೀನಾಳದು.
ಒಬ್ಬಳನ್ನು ಅಳಿಸಿ ಅವರಿಬ್ಬರನ್ನು ಹೇಗೆ ಬಿಡಲಿ?
ಮೂವರನ್ನು ಅಳಿಸಿದರೆ ಉಳಿದವರನ್ನು?
ಅಷ್ಟರಲ್ಲಿ ನಲವತ್ತೆರಡು ಅಂದಿತು ಯಂತ್ರ. ಕೈ ತೆಗೆದೆ.

ಸಂಜೆಗೆ ಎದ್ದು ಕೂತಿತು. ನಂಬದೆ ಇನ್ನೊಮ್ಮೆ ಜಾಲಾಡಿಸಿದೆ.
ಯಾವ ದೋಷವೂ ಕಂಡುಬಂದಿಲ್ಲ.
ಆರುನೂರು ಕೇಳಿದ್ದಕ್ಕೆ ಪಿಳ್ಳಪ್ಪನವರು
ಫೋನಿನಲ್ಲೇ ಐನೂರಕ್ಕೆ ಇಳಿಸಿ,
"ಲೆಕ್ಕ ಎಲ್ಲಾ ಹಂಗೇ ಇದೆಯಲ್ಲಮ್ಮ?" ಅಂದರು.
ಹಂಗೇ ಇದೆ ಅಂದೆ.

ರಾತ್ರಿ, ಮುದ್ದೆ ಮುರಿಯುತ್ತಿದ್ದ ಅಮ್ಮನನ್ನು ಕೇಳಿದೆ,
ಅವರ ಹತ್ತಿರ ಎಷ್ಟು ತಗೊಂಡಿದ್ದೆ?
"ಎನಿಮಿದೇ" ಅಂದಳು. ಯೋಚಿಸಲಿಲ್ಲ, ತಡವರಿಸಲಿಲ್ಲ.
ಅದರಲ್ಲಿ ಮೂರು ನಿನ್ನ ಕಂಪ್ಯೂಟರ್ ಕ್ಲಾಸಿಗೆ.
ನಾನು ಸುಮ್ಮನಿದ್ದದ್ದಕ್ಕೆ, ಕೇಳಿಸಲಿಲ್ಲವೇನೋ ಅಂದುಕೊಂಡು
ಎಂಜಲು ಕೈಯನ್ನೂ ಎತ್ತಿದಳು.
ಟ್ಯೂಬ್‌ಲೈಟಿನ ಕೆಳಗೆ ಎಂಟು ಬೆರಳು,
ನುಣ್ಣಗೆ, ಒಂದರಲ್ಲೂ ಗೆರೆಯಿಲ್ಲದೆ.